ಕೇಬಲ್ಲಿನ ಮಬ್ಬು

ಮೊನ್ನೆ ಸಂಜೆಯ ಗಾಳಿಮಳೆಗೆ ನಮ್ಮ ಬೆಟಗೇರಿ ಮನೆಯ ಟಿ.ವಿ.ಯಲ್ಲಿ ಧಾರಾವಾಹಿ ನಾಯಕಿಯ ಚಿತ್ರ ಚೌಕ ಚೌಕವಾಗಿ ಒಡೆದು ನಿಂತಿತು. "ಲೇ, ಆಕಿ ಮಾರಿ ತ್ಯಾಪಿ ಹಚ್ಚಿದ ಕೌದಿ ಆಗೇತಿ ನೋಡೋ" ಎಂದು ದೊಡ್ಡವ್ವ ಕೂತಲ್ಲಿಂದಲೇ ಕೂಗಿದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಎದ್ದು ಹೋಗಿ ಇಬ್ಬರಿಗೂ ಚಹಾ ಮಾಡಿಕೊಂಡು ಬಂದೆ. ಕೇಬಲ್ ಕೆಟ್ಟರೆ ಖುಷಿಪಡುವ ಇವನೆಂಥವನು ಅನ್ನುತ್ತೀರಿ, ಹೇಳುತ್ತೇನೆ.

ಡಿಜಿಟಲ್ ಡಬ್ಬಿ ಬರುವ ಮೊದಲಿನ ಕೇಬಲ್ ನಿಮಗೂ ನೆನಪಿರಬೇಕು. ಚಿತ್ರ ಪೂರ್ತಿ ಬರುತ್ತಿರಲಿಲ್ಲ, ಪೂರ್ತಿ ಹೋಗುತ್ತಲೂ ಇರಲಿಲ್ಲ. ಎಲ್ಲರ ಬೆನ್ನಿಗೂ ಒಂದೊಂದು ನೆರಳು. ಅತ್ತೆ ಸೊಸೆ ಜಗಳಕ್ಕೆ ನಿಂತರೆ ನಾಲ್ವರು ಹೆಂಗಸರು ಕಾಣುತ್ತಿದ್ದರು. ಮಾತಿನ ಹಿಂದೆ ಗುಂಯ್ ಎನ್ನುವ ಸದ್ದು ಬೇರೆ.

ದೊಡ್ಡವ್ವನಿಗೆ ಧಾರಾವಾಹಿ ಎಂದರೆ ಪ್ರಾಣ. ಕೇಬಲ್ಲಿನ ಮೌಲಾಸಾಬ ಓಣಿಯಲ್ಲಿ ಕಂಡರೆ ಸಾಕು, "ಮೌಲಾ, ನಿನ್ನ ಕೇಬಲ್ ಭಾಳ ಮಬ್ಬ ಐತೆಪಾ" ಎಂದು ಹಿಡಿದು ನಿಲ್ಲಿಸುತ್ತಿದ್ದಳು. ಪಾಪ, ಅವನು ಮಾಳಿಗೆ ಏರಿ ವಾಯರು ತಿರುವಿ, "ಈಗ ಬಂತೇನ್ರಿ ಯವ್ವಾ?" ಎಂದು ಕೂಗುತ್ತಿದ್ದ. ನಾವೆಲ್ಲ ಬಂತು ಎಂದರೆ ಆಕೆ ಮಾತ್ರ, "ಎಲ್ಲಿ ಬಂತು, ಹಂಗ ಐತಿ" ಅನ್ನುತ್ತಿದ್ದಳು. ಯಾವುದನ್ನೂ ಬೇಗ ಒಪ್ಪುವ ಪೈಕಿ ಅಲ್ಲ ಆಕೆ ಎಂದು ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಬಲ್ಬಿಗೆ ವೋಲ್ಟೇಜ್ ಇಲ್ಲ ಎಂದು ಕೌದಿ ಹೊಲಿಯುವುದನ್ನೂ ಬಿಟ್ಟಿದ್ದಳು. ನಾನೋ, ಮಹಾ ಜಾಣ, ಹೊಸ ಬಲ್ಬು ತಂದು ಹಾಕಿದೆ.

ಕೊನೆಗೊಂದು ದಿನ ಮೌಲಾಸಾಬ ಡಿಜಿಟಲ್ ಡಬ್ಬಿ ತಂದು ಜೋಡಿಸಿದ. ನಾವು ಬಾಯಿ ತೆರೆದು ನೋಡಿದೆವು. ನಾಯಕಿಯ ಮೂಗುತಿಯ ಹರಳು ಕೂಡ ಕಾಣುತ್ತಿತ್ತು. ಅವನಿಗೆ ನಮ್ಮ ಹೊಗಳಿಕೆ ಬೇಕಿರಲಿಲ್ಲ, ದೊಡ್ಡವ್ವನ ಮುಖವನ್ನೇ ನೋಡುತ್ತ ನಿಂತ.

"ಧ್ವನಿ ಚಲೋ ಆತು. ಗುಂಯ್ ಅನ್ನೋದು ಹೋತು," ಎಂದಳು. "ಆದ್ರ ಮಬ್ಬು ಹಂಗ ಐತಲ್ಲೋ ಮೌಲಾ."

ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಮಬ್ಬು ಕೇಬಲ್ಲಿನಲ್ಲಿ ಇರಲಿಲ್ಲ. ಇಷ್ಟು ದಿನ ಆಕೆ ಧಾರಾವಾಹಿ ನೋಡುತ್ತಿರಲಿಲ್ಲ, ಕೇಳುತ್ತಿದ್ದಳು.

ಗದಗಿನ ಕಣ್ಣಿನ ಡಾಕ್ಟರು, ಎರಡೂ ಕಣ್ಣಿಗೆ ಪೊರೆ ಬಲಿತಿದೆ, ಇನ್ನು ತಡಮಾಡಿದರೆ ಕಷ್ಟ ಎಂದರು. ದೊಡ್ಡವ್ವ ಸುತರಾಂ ಒಪ್ಪಲಿಲ್ಲ. "ಕಣ್ಣಿಗಿ ಕತ್ತರಿ ಹಚ್ಚಿಸ್ಕೊಳ್ಳಾಂಗಿಲ್ಲ ನಾ." ನಮ್ಮ ಯಾರ ಮಾತೂ ನಡೆಯದೆ ಇದ್ದಾಗ ಮೌಲಾಸಾಬನೇ ಬಂದು ಕೂತ. "ಯವ್ವಾ, ಇಷ್ಟ ವರ್ಷ ನನ್ನ ಬೈದ್ರಿ. ತಪ್ಪು ನಂದೋ ಕಣ್ಣಿಂದೋ, ಒಮ್ಮೆ ಖಾತ್ರಿ ಮಾಡ್ಕೊಳ್ರಿ." ಬೈದದ್ದನ್ನು ಹಿಂದಕ್ಕೆ ಪಡೆಯಲು ಮನಸ್ಸಿಲ್ಲದ ದೊಡ್ಡವ್ವ, ಅವನ ತಪ್ಪೇ ಎಂದು ತೋರಿಸುವ ಹಟಕ್ಕೆ ಆಪರೇಶನ್ನಿಗೆ ಹೊರಟಳು.

ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದವಳೇ ಟಿ.ವಿ. ಮುಂದೆ ಕೂತಳು. "ಅಯ್ಯ, ಈಕಿ ಮಾರಿಗಿ ಇಷ್ಟ್ ಪೌಡರ್ ಬಳದಾರೇನು!" ಬಾಗಿಲಲ್ಲಿ ನಿಂತಿದ್ದ ಮೌಲಾಸಾಬ ಗೆದ್ದವನ ಹಾಗೆ ನಕ್ಕ. ಆಮೇಲೆ ಆಕೆ ನನ್ನ ಕಡೆ ತಿರುಗಿದಳು. ಹತ್ತಿರ ಕರೆದು ತಲೆಯ ಮೇಲೆ ಕೈಯಾಡಿಸಿ, "ಕೂದಲಾ ಬೆಳ್ಳಗಾಗ್ಯಾವಲ್ಲೋ ತಮ್ಮಾ. ಯಾವಾಗ ಆತು ಇದು?" ಎಂದಳು.

ದಿನಾ ಎದುರಿಗೇ ಕೂತು ಉಂಡರೂ ನನ್ನ ಮುಖ ಆಕೆಗೆ ಕಂಡು ವರ್ಷಗಳಾಗಿದ್ದವು.

ಮೊನ್ನೆ ಚಿತ್ರ ಒಡೆದದ್ದು ಆಕೆಗೆ ಕೂತಲ್ಲಿಂದಲೇ ಕಂಡಿತಲ್ಲ, ಆ ಖುಷಿಗೇ ನಾನು ಚಹಾ ಮಾಡಿದ್ದು. ಈಗ ಜಾಹೀರಾತು ಬಂದಾಗಲೆಲ್ಲ ದೊಡ್ಡವ್ವ ಟಿ.ವಿ. ಬಿಟ್ಟು ನನ್ನನ್ನು ನೋಡುತ್ತಾಳೆ. ಮೊದಲಾಗಿದ್ದರೆ ಎದ್ದು ಹೊರಗೆ ಹೋಗುತ್ತಿದ್ದೆ. ಈಗ ಸುಮ್ಮನೆ ಕೂತು ನೋಡಿಸಿಕೊಳ್ಳುತ್ತೇನೆ.