ತಿಪ್ಪಣ್ಣನ ದೋಣಿಯ ಟಕಟಕ

ಮೊನ್ನೆ ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಸ್ಕೂಟರಿನಲ್ಲಿ ಹೋಗುವಾಗ ಹಿಂದೆ ಕುಳಿತಿದ್ದ ನನ್ನ ಹೆಂಡತಿ ಶಾರದೆ ಬೆನ್ನು ತಟ್ಟಿದಳು. "ಗಾಡಿ ಟಕಟಕ ಅಂತೈತೆ, ಸ್ವಲ್ಪ ನಿಲ್ಸ್ರಿ." ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗಲೇ ಬಗ್ಗಿ ಕಿವಿಗೊಟ್ಟೆ. ಗುಡುಗುಡು ಬಿಟ್ಟರೆ ಬೇರೆ ಯಾವ ಸದ್ದೂ ಇಲ್ಲ. "ಏನೂ ಇಲ್ವಲ್ಲೇ, ನಿನಗೆ ಭ್ರಮೆ" ಎಂದೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಮತ್ತೆ ಹತ್ತಿ ಕುಳಿತಳು.

ಆ ನೋಟವನ್ನು ನಾನು ಬಹಳ ವರ್ಷಗಳ ಹಿಂದೆ ಬೇರೊಬ್ಬ ಹೆಂಗಸಿನ ಮುಖದಲ್ಲಿ ಕಂಡಿದ್ದೆ. ಹುಬ್ಬೇರಿಸಬೇಡಿ, ನೀವು ಅಂದುಕೊಂಡಂಥದ್ದೇನೂ ಅಲ್ಲ. ಆಕೆ ಕೆಂಚಮ್ಮ, ದೋಣಿ ನಡೆಸುತ್ತಿದ್ದ ತಿಪ್ಪಣ್ಣನ ಹೆಂಡತಿ. ಆಕೆ ಹಾಗೆ ನೋಡುತ್ತಿದ್ದುದು ತನ್ನ ಗಂಡನನ್ನು.

ನಮ್ಮ ಬಯಲುಸೀಮೆಯಲ್ಲಿ ದೋಣಿ ಎಲ್ಲಿಂದ ಬಂತು ಎಂದು ಕೇಳುತ್ತೀರಿ. ದುರ್ಗದವರನ್ನು ಕಂಡರೆ ಎಲ್ಲರೂ ಬಂಡೆ, ಬಿಸಿಲು ಎಂದಷ್ಟೇ ಮಾತಾಡುತ್ತಾರೆ. ಮಾರಿಕಣಿವೆ ಅಣೆಕಟ್ಟಿನ ಹಿನ್ನೀರು ಹೊಸದುರ್ಗದ ಕಡೆ ಎಷ್ಟು ದೂರ ಕೈಚಾಚಿಕೊಂಡು ಮಲಗಿದೆ ಎಂಬುದು ಅವರಿಗೆ ಗೊತ್ತಿಲ್ಲ. ನನ್ನ ಮೊದಲ ಮೇಷ್ಟ್ರುಗಿರಿ ಆ ನೀರಿನ ಆಚೆ ದಡದ ಹಳ್ಳಿಯಲ್ಲಿ. ರಸ್ತೆ ಹಿಡಿದು ಸುತ್ತಿ ಹೋದರೆ ಶಾಲೆ ಮುಟ್ಟುವ ಹೊತ್ತಿಗೆ ಮಕ್ಕಳು ಮನೆಗೆ ಹೊರಟಿರುತ್ತಿದ್ದರು. ಹಾಗಾಗಿ ದೋಣಿಯೇ ಗತಿ. ಎರಡೂ ದಡದ ಊರಿನವರು ಸೇರಿ ಮಾಡಿಸಿದ ದೋಣಿ ಅದು. ಯಾರದೋ ಹೊಲದಲ್ಲಿ ನೀರೆತ್ತಿ ಸಾಕಾಗಿದ್ದ ಹಳೇ ಡೀಸೆಲ್ ಎಂಜಿನ್ನನ್ನು ಅದರ ಹೊಟ್ಟೆಯಲ್ಲಿ ಕೂರಿಸಿದ್ದರು. ಜನ, ಸೈಕಲ್ಲು, ಹಾಲಿನ ಕ್ಯಾನು ಎಲ್ಲವೂ ಅದರಲ್ಲಿ ದಾಟುತ್ತಿದ್ದವು. ಕುರಿಗಳದ್ದೇ ಮೇಲುಗೈ. ಈಜು ಬಾರದ ನಾನು ಪಕ್ಕದ ಕುರಿಯ ಉಣ್ಣೆಯನ್ನು ಬಿಗಿಯಾಗಿ ಹಿಡಿದು ಕೂರುತ್ತಿದ್ದೆ. ಮುಳುಗಿದರೆ ಅದು ನನ್ನನ್ನು ದಡ ಸೇರಿಸುತ್ತದೆ ಎಂದು ಯಾಕೆ ನಂಬಿದ್ದೆನೋ ಈಗಲೂ ತಿಳಿಯದು.

ಚುಕ್ಕಾಣಿ ಹಿಡಿದು ಹಿಂದೆ ಕೂರುತ್ತಿದ್ದವನು ತಿಪ್ಪಣ್ಣ. "ಬರ್ರಿ ಮೇಷ್ಟ್ರೆ, ಕುಂತ್ಕಳ್ರಿ" ಎಂದು ಕೂಗಿಯೇ ಕರೆಯುತ್ತಿದ್ದ. ಅವನು ಯಾವಾಗಲೂ ಕೂಗಿಯೇ ಮಾತಾಡುತ್ತಿದ್ದ. ಎಂಜಿನ್ನಿನ ಪಕ್ಕ ಅರ್ಧ ಆಯುಷ್ಯ ಕಳೆದವನ ಕಿವಿ ಸ್ವಲ್ಪ ಸ್ವಲ್ಪವೇ ಹೋಗುತ್ತಿತ್ತು. ದಪ್ಪ ಸದ್ದು ಕೇಳುತ್ತಿತ್ತು, ಸಣ್ಣ ಸದ್ದು ಕೇಳುತ್ತಿರಲಿಲ್ಲ. ಇದು ಇಡೀ ದೋಣಿಗೆ ಗೊತ್ತಿತ್ತು, ಅವನೊಬ್ಬನ ಮುಂದೆ ಯಾರೂ ಹೇಳುತ್ತಿರಲಿಲ್ಲ. ಕುರಿಗಳಿಗೂ ಗೊತ್ತಿತ್ತೆಂದು ನನ್ನ ಅನುಮಾನ.

ಹೀಗಿರುವಾಗ ಎಂಜಿನ್ನು ಟಕಟಕ ಎನ್ನತೊಡಗಿತು. ಹತ್ತಿದವರೆಲ್ಲ ಹೇಳಿದರು. ಟಕಟಕ ಅಂದರೆ ಏನೋ ಸಡಿಲವಾಗಿ ಅಲುಗುತ್ತಿದೆ ಎಂದು ತಿಪ್ಪಣ್ಣ ಲೆಕ್ಕ ಹಾಕಿ, ಎಂಜಿನ್ನನ್ನು ಹಲಗೆಗೆ ಬಿಗಿದ ಬೋಲ್ಟುಗಳನ್ನು ದಿನವೂ ತಿರುವಿ ತಿರುವಿ ಬಿಗಿ ಮಾಡಿದ. "ಈಗ ಸರಿಯಾತು ನೋಡ್ರಿ" ಎಂದು ನಗುತ್ತಿದ್ದ. ಟಕಟಕ ಹಾಗೇ ಇರುತ್ತಿತ್ತು. ನಾವು ತಲೆ ಬಗ್ಗಿಸುತ್ತಿದ್ದೆವು.

ಒಂದು ದಿನ ನಡುನೀರಿನಲ್ಲಿ ಎಂಜಿನ್ನು ನಿಂತೇ ಹೋಯಿತು. ಒಳಗೆ ವಾಲ್ವು ತೆರೆಯುವ ಕಡ್ಡಿ ಜಾಗ ಬಿಟ್ಟು ಜಾರಿತ್ತು. ಗಾಳಿಗೆ ದೋಣಿ ಅಡ್ಡ ತಿರುಗಿತು, ಕುರಿಗಳೆಲ್ಲ ಒಂದೇ ಮಗ್ಗುಲಿಗೆ ನುಗ್ಗಿದವು. ನಾನು ಮನೆದೇವರನ್ನೆಲ್ಲ ಕರೆದೆ. ತಿಪ್ಪಣ್ಣ ಕಡ್ಡಿ ಕೂರಿಸಿ ಹೇಗೋ ದಡ ಮುಟ್ಟಿಸಿದ. ದೋಣಿಯ ವಿಷಯದಲ್ಲಿ ಕೊನೆಯ ಮಾತು ಕುರಿಗಾರರ ಹಿರಿಯ ಈರಜ್ಜನದು. ಅವನು ಇಳಿದವನೇ ದಡದಲ್ಲಿ ಕಾಯುತ್ತಿದ್ದ ಕೆಂಚಮ್ಮನನ್ನು ಪಕ್ಕಕ್ಕೆ ಕರೆದು, "ಸೋಮವಾರ ಬತ್ತೀನಿ ಕಣವ್ವ. ಸದ್ದು ಹಂಗೇ ಇದ್ರೆ ದೋಣಿ ಬ್ಯಾರೆಯೋರಿಗೆ ಕೊಡಾಣ. ಜೀವದ ಪ್ರಶ್ನೆ" ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ.

ನಾನು ಪಕ್ಕದಲ್ಲೇ ಇದ್ದೆ. ಈರಜ್ಜ ಹೋದ ಮೇಲೆ ಕೆಂಚಮ್ಮ ನನ್ನ ಕಡೆ ತಿರುಗಿದಳು. "ಚುಕ್ಕಾಣಿ ಬಿಡಿಸಿದ್ರೆ ಈ ಮನುಷ್ಯ ಮಂಕಾಗಿ ಹೋಗ್ತಾನೆ ಮೇಷ್ಟ್ರೆ. ಕಿವಿ ಹೋತು ಅಂತ ನಾನು ಇವತ್ತಿನತನಕ ಹೇಳಿಲ್ಲ. ಹೆಂಗೆ ಹೇಳ್ಲಿ?" ಭಾನುವಾರ ಶಾಲೆಯಿಲ್ಲ, ದಡದ ಕಡೆ ಬರುತ್ತೇನೆ ಎಂದೆ.

ಭಾನುವಾರ ಬೆಳಿಗ್ಗೆ ದಡಕ್ಕೆ ಹೋದೆ. ದೋಣಿಯಲ್ಲಿ ಗಂಡಹೆಂಡತಿ ಎಂಜಿನ್ನಿನ ಮುಂದೆ ಮಂಡಿಗೆ ಮಂಡಿ ತಾಗಿಸಿ ಕುಳಿತಿದ್ದರು. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಇಟ್ಟುಕೊಂಡಿದ್ದವಳು ಕೆಂಚಮ್ಮ. ತಿಪ್ಪಣ್ಣ ನನ್ನನ್ನು ಕಂಡು, "ಇವ್ಳಿಗೂ ಒಂದಿಷ್ಟು ಕಲ್ಸಾಣ ಅಂತ ಕುಂಡ್ರಿಸ್ಕಂಡೀನಿ ಮೇಷ್ಟ್ರೆ!" ಎಂದು ಕೂಗಿದ. "ಹೂಂ, ಕಲೀತೀನಿ" ಎಂದಳು ಕೆಂಚಮ್ಮ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ.

ಅವಳ ಎಡಗೈ ಗಂಡನ ಮಂಡಿಯ ಮೇಲಿತ್ತು. ಎಂಜಿನ್ನು ಟಕ್ ಎಂದಾಗಲೆಲ್ಲ ಅವಳ ಬೆರಳು ಮಂಡಿಯನ್ನು ತಟ್ಟುತ್ತಿತ್ತು. ಅವನಿಗೆ ಕೇಳಿಸದ ಸದ್ದನ್ನು ಅವನ ಮೈಗೆ ಮುಟ್ಟಿಸುತ್ತಿದ್ದಳು. ಮೇಲಿನ ಮುಚ್ಚಳ ತೆಗೆದು ತಿಪ್ಪಣ್ಣ ಅಲ್ಲಿನ ತಿರುಪನ್ನು ಹದ ಮಾಡಿದ. ಬೆರಳು ನಿಲ್ಲಲಿಲ್ಲ. ಇನ್ನಷ್ಟು ತಿರುವಿದ. ಆಗಲೂ ನಿಲ್ಲಲಿಲ್ಲ. ಕೆಂಚಮ್ಮ ಕುರಿಹಟ್ಟಿಯಲ್ಲಿ ಹುಟ್ಟಿ ಬೆಳೆದವಳು. ಕತ್ತಲಲ್ಲಿ ಇಡೀ ಮಂದೆಯೊಳಗೆ ಕೆಮ್ಮಿದ್ದು ಯಾವ ಕುರಿ, ಕೆಮ್ಮು ಗಂಟಲದ್ದೋ ಎದೆಯದ್ದೋ ಎಂದು ಮಲಗಿದಲ್ಲಿಂದಲೇ ಹೇಳುವುದು ಆ ಹಟ್ಟಿಯವರಿಗೆ ನಿತ್ಯದ ಕೆಲಸ. ಸ್ಕ್ರೂಡ್ರೈವರನ್ನು ಎಂಜಿನ್ನಿನ ಮೇಲೆ ಅಲ್ಲಿಷ್ಟು ಇಲ್ಲಿಷ್ಟು ಸರಿಸುತ್ತ ಬಂದು ಒಂದು ಕಡೆ ನಿಲ್ಲಿಸಿದಳು. ತಿಪ್ಪಣ್ಣನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, "ಗಂಟಲಾಗಲ್ಲ, ಎದ್ಯಾಗೈತೆ. ಮ್ಯಾಲಿಂದು ಬಿಡು, ಕೆಳಗಿಂದು ಬಿಚ್ಚು" ಎಂದು ತುಟಿ ಬಿಡಿಸಿ ಬಿಡಿಸಿ ಹೇಳಿದಳು.

ಎಂಜಿನ್ನು ನಿಲ್ಲಿಸಿ ಬಿಚ್ಚಿದರೆ, ಕಡ್ಡಿಯನ್ನು ಕೆಳಗಿನಿಂದ ಎತ್ತಿ ಕೊಡುವ ಹೆಬ್ಬೆರಳು ಗಾತ್ರದ ಕಬ್ಬಿಣದ ತುಂಡು, ಅದೇ ಟ್ಯಾಪೆಟ್ಟು, ತಳದಲ್ಲಿ ಸವೆದು ಗುಳಿ ಬಿದ್ದಿತ್ತು. ತಿಪ್ಪಣ್ಣ ಅದನ್ನು ಜೇಬಿಗೆ ಹಾಕಿಕೊಂಡು ಹಿರಿಯೂರಿನ ಬಸ್ಸು ಹತ್ತಿದ. ಮಧ್ಯಾಹ್ನದ ಮೇಲೆ ಹೊಸದರೊಂದಿಗೆ ಬಂದು ಕೂರಿಸಿದ. ಸಂದಿ ಅಳೆಯಲು ತೆಳ್ಳನೆಯ ತಗಡು ತೂರಿಸಿ ತಿರುಪನ್ನು ಹದ ಮಾಡಿ ಎಂಜಿನ್ನು ಹಚ್ಚಿದ. ಆಮೇಲೆ ಅವನು ಎಂಜಿನ್ನನ್ನು ನೋಡಲೇ ಇಲ್ಲ. ತನ್ನ ಮಂಡಿಯ ಮೇಲಿನ ಕೈಯನ್ನೇ ನೋಡುತ್ತ ಕುಳಿತ. ಕೈ ಅಲುಗಲಿಲ್ಲ. ಅವನ ಕಣ್ಣು ತುಂಬಿ ಬಂತು. ಆಗ ನನಗೆ ಗೊತ್ತಾಯಿತು, ಅವನಿಗೂ ಎಲ್ಲ ಗೊತ್ತಿತ್ತು.

ಸೋಮವಾರ ಈರಜ್ಜ ಬಂದ. ಆಚೆ ದಡದವರೆಗೂ ಕಿವಿ ನಿಮಿರಿಸಿಕೊಂಡೇ ಕುಳಿತಿದ್ದ. ಟಕಟಕ ಇಲ್ಲ. "ಸದ್ದು ಹೋತಲ್ಲಲೇ ತಿಪ್ಪಾ" ಎಂದ. ತಿಪ್ಪಣ್ಣನಿಗೆ ಕೇಳಲಿಲ್ಲ, ನೀರು ನೋಡುತ್ತಿದ್ದ. ಅವತ್ತು ದೋಣಿಯಲ್ಲಿ ಜೊತೆಗೇ ಕುಳಿತಿದ್ದ ಕೆಂಚಮ್ಮನ ಬೆರಳು ಅವನ ಮಂಡಿ ತಟ್ಟಿತು, ಅವನು ಥಟ್ಟನೆ ತಿರುಗಿ ನಕ್ಕ. ಈರಜ್ಜ ಆ ಕೈಯನ್ನು ಬಹಳ ಹೊತ್ತು ನೋಡಿದ. ಇಳಿಯುವಾಗ ಅವನು ಹೇಳಿದ್ದು ಇಷ್ಟೇ: "ಚುಕ್ಕಾಣಿ ಇವನತ್ರನೇ ಇರ್ಲಿ. ಆದ್ರೆ ನಿನ್ನ ಬಿಟ್ಟು ಇವನೊಬ್ಬನೇ ದೋಣಿ ಬಿಡಂಗಿಲ್ಲ ಕಣವ್ವ."

ನನಗೆ ವರ್ಗವಾಗುವವರೆಗೂ ಅವರಿಬ್ಬರೂ ಹಾಗೆಯೇ ದೋಣಿ ನಡೆಸಿದರು. ಅವಳು ಹೇಳಲಿಲ್ಲ, ಅವನು ಕೇಳಲಿಲ್ಲ. ಎಂಥ ಚೆಂದದ ಸಂಸಾರ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದವನು ನಾನು. ಈಗ ಯೋಚಿಸಿದರೆ, ಗುಟ್ಟನ್ನು ಹೊತ್ತು ತಿರುಗಿದ ಭಾರವೆಲ್ಲ ಕೆಂಚಮ್ಮನ ಮೇಲೆಯೇ ಬಿದ್ದಿತ್ತು ಅನ್ನಿಸುತ್ತದೆ.

ಚಿತ್ರದುರ್ಗದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಸ್ಕೂಟರ್ ಚಾಲೂ ಮಾಡಿದವನೇ, "ಇಷ್ಟು ಸದ್ದು ಬರ್ತೈತಲ್ಲ ಸಾರ್, ಯಾವಾಗಿಂದ?" ಎಂದ. ಈಗಷ್ಟೇ ಶುರುವಾಯಿತು ಎನ್ನಲು ಬಾಯಿ ತೆರೆದೆ. ಆದರೆ ಶಾರದೆಯ ಕಡೆ ತಿರುಗಿದೆ.

"ನನಗೆ ಕೇಳಿಸ್ತಿಲ್ಲ ಕಣೆ" ಎಂದೆ. "ಗಾಡಿದೊಂದೇ ಅಲ್ಲ. ಸುಮಾರು ದಿನ ಆಯ್ತು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಯುಗಾದಿಯಿಂದ ಊಟಕ್ಕೆ ನಿಮ್ಮ ಬಲಗಡೆಗೇ ಕುಂತ್ಕಳ್ತಿದೀನಿ" ಎಂದಳು, "ಆ ಕಿವಿ ಇನ್ನೂ ಸ್ವಲ್ಪ ಚೆನ್ನಾಗೈತೆ ಅಂತ."