ಲಿಫ್ಟರ್ ಮೇಲೆ ನಾನು ಹೇಳಿದ ಸಾಕ್ಷಿ

ಹನ್ನೆರಡರಲ್ಲಿ ಏಳು. ಕೋಚ್‌ಗೆ ನಾನು ಹೇಳಿದ ಲೆಕ್ಕ ಅದು. ಆ ಲೆಕ್ಕದಲ್ಲಿ ಈಗಲೂ ತಪ್ಪಿಲ್ಲ; ತಪ್ಪು ಬೇರೆ ಕಡೆ ಇತ್ತು. ಎಲ್ಲಿತ್ತು ಎಂಬುದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ತನ್ನ ಸಾಕ್ಷಿಯಿಂದ ಒಬ್ಬ ಹುಡುಗನ ಹೆಸರು ಕೆಡಿಸಿದವನು ಇಷ್ಟಾದರೂ ಮಾಡಬೇಕು.

ವಿಜಯನಗರದಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ದಾಟಿದರೆ ಒಂದು ಮೈದಾನ. ಅದರ ಮೂಲೆಯಲ್ಲಿ ವಾಲಿಬಾಲ್ ಕೋರ್ಟು. ಮಂಡಿ ನೋವು ಶುರುವಾದ ಮೇಲೆ ನನ್ನ ವಾಕಿಂಗ್ ಎರಡು ಸುತ್ತಿಗೆ ನಿಂತಿತು. ಉಳಿದ ಹೊತ್ತನ್ನು ನೆಟ್ಟಿನ ಕಂಬದ ಪಕ್ಕದ ಕಲ್ಲುಬೆಂಚಿನ ಮೇಲೆ ಕಳೆಯುತ್ತಿದ್ದೆ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಷನ್ ಕೆಲಸ ಮಾಡಿದವನು ನಾನು. ಸರಿಯಾಗಿದೆ ಎಂದು ತಂದಿಟ್ಟ ಪ್ರತಿ ಪೀಸನ್ನೂ ಮೊದಲು ಅನುಮಾನಿಸಬೇಕು, ಆಮೇಲೆ ಗೇಜು ಹಾಕಿ ಅಳೆಯಬೇಕು. ನಿವೃತ್ತಿಯ ದಿನ ಗೇಜನ್ನು ಅಲ್ಲೇ ಒಪ್ಪಿಸಿ ಬಂದೆ. ಅನುಮಾನ ನನ್ನ ಜೊತೆ ಮನೆಗೆ ಬಂತು.

ಆ ಕೋರ್ಟಿನಲ್ಲಿ ಒಬ್ಬ ಅಟ್ಯಾಕರ್ ಇದ್ದ. ಗದಗ ಕಡೆಯ ಹುಡುಗ. ಬಾಪೂಜಿ ನಗರದಲ್ಲಿ ಅಣ್ಣನ ಜೊತೆ ಒಂದು ಕೋಣೆ ಮಾಡಿಕೊಂಡಿದ್ದ. ಇಬ್ಬರೂ ಬೈಕಿನಲ್ಲಿ ಪಾರ್ಸೆಲ್ ಹಂಚುವ ಕೆಲಸಕ್ಕಿದ್ದರು, ಇಬ್ಬರೂ ಒಂದೇ ತಂಡದಲ್ಲಿ ಆಡುತ್ತಿದ್ದರು. ತಮ್ಮ ಹಾರಿ ಹೊಡೆದರೆ ಸದ್ದು ಮುಖ್ಯರಸ್ತೆಯವರೆಗೆ ಕೇಳುತ್ತಿತ್ತು. ವಾಕಿಂಗಿಗೆ ಬಂದವರು ನಿಂತು ನೋಡುತ್ತಿದ್ದರು, ಫೋನ್ ಹಿಡಿದು ವಿಡಿಯೋ ಮಾಡುತ್ತಿದ್ದರು.

"ಟೀಮ್ ಅಂದ್ರೆ ಅವನೊಬ್ನೇ ಸಾರ್. ಮಿಕ್ಕ ಐದು ಜನ ನೆಟ್ ಕಟ್ಟೋಕೆ ಇದಾರೆ," ಎಂದರು ಬೆಂಚಿನ ಮೇಲೆ ದಿನಾ ನನ್ನ ಪಕ್ಕ ಕೂರುವವರು.

"ಅವನಿಗೆ ಬಾಲ್ ಎತ್ತಿ ಕೊಡೋನ್ನೂ ಸ್ವಲ್ಪ ನೋಡಿ."

"ಎತ್ತಿ ಕೊಡೋದೇನು ದೊಡ್ಡ ವಿದ್ಯೆ ಬಿಡಿ. ನನ್ ಮೊಮ್ಮಗಳೂ ಬಲೂನ್ ಎತ್ತಿ ಕೊಡ್ತಾಳೆ."

ಆಟ ತಿಳಿಯದವರಿಗೆ ಹೇಳುವುದಾದರೆ, ವಾಲಿಬಾಲಿನಲ್ಲಿ ಒಂದು ಕಡೆಯವರು ಬಾಲನ್ನು ಮೂರು ಸಲ ಮುಟ್ಟಬಹುದು. ಎದುರಿನವರು ಸರ್ವಿಸ್ ಮಾಡಿದ್ದನ್ನು ಹಿಂದೆ ನಿಂತವನು ಮುಂಗೈಗಳ ಮೇಲೆ ತಡೆದು ನೆಟ್ಟಿನ ಕಡೆ ಕಳಿಸುತ್ತಾನೆ. ಹುಡುಗರು ಅದನ್ನು ಫಸ್ಟ್ ಬಾಲ್ ಅನ್ನುತ್ತಾರೆ. ನೆಟ್ಟಿನ ಹತ್ತಿರ ನಿಂತ ಲಿಫ್ಟರ್ ಅದನ್ನು ಬೆರಳ ತುದಿಗಳಿಂದ ಮೇಲೆತ್ತಿ ಕೊಡುತ್ತಾನೆ. ಅಟ್ಯಾಕರ್ ಹಾರಿ ಹೊಡೆಯುತ್ತಾನೆ. ಜನ ಚಪ್ಪಾಳೆ ತಟ್ಟುವುದು ಮೂರನೆಯದಕ್ಕೆ. ನಾನು ಎರಡನೆಯದನ್ನು ನೋಡುವವನು ಎಂಬ ಹೆಮ್ಮೆ ನನಗಿತ್ತು.

ಲಿಫ್ಟರ್ ಕುಳ್ಳಗಿನ ಹುಡುಗ, ಇಲ್ಲಿಯವನೇ. ಮಿಕ್ಸಿ ರಿಪೇರಿ ಅಂಗಡಿಯಲ್ಲಿ ಕೆಲಸ. ಅವನು ಎತ್ತಿದ ಬಾಲು ಗಾಳಿಯಲ್ಲಿ ಒಂದು ಸುತ್ತೂ ತಿರುಗುತ್ತಿರಲಿಲ್ಲ, ಮೊಳೆಗೆ ತಗುಲಿಹಾಕಿದ ಹಾಗೆ ನಿಲ್ಲುತ್ತಿತ್ತು. ಅಟ್ಯಾಕರ್ ಹೋಗಿ ಅದನ್ನು ಮೊಳೆಯಿಂದ ಬಿಡಿಸಿಕೊಂಡರೆ ಸಾಕು ಎಂದು ನನಗೆ ಅನ್ನಿಸುತ್ತಿತ್ತು. ಆ ಎತ್ತರ, ಆ ಸದ್ದು, ಆ ವಿಡಿಯೋಗಳಲ್ಲಿ ಅರ್ಧ ಪಾಲು ಇವನ ಬೆರಳುಗಳದ್ದು ಎಂದು ನಾನು ನಂಬಿದ್ದೆ. ಅಷ್ಟು ನಂಬಿದ್ದರಿಂದಲೇ, ಕೆಡಿಸುವ ಶಕ್ತಿಯೂ ಇವನ ಬೆರಳುಗಳಿಗೇ ಇದೆ ಎಂದು ತೀರ್ಮಾನಿಸುವುದು ನನಗೆ ಸುಲಭವಾಯಿತು.

ಒಂದು ಕಚೇರಿಯ ತಂಡದವರಿಗೆ ಅಟ್ಯಾಕರ್ ಬೇಕಾಗಿದ್ದಾನೆ ಎಂಬ ಸುದ್ದಿ ಬಂತು. ಆಯ್ಕೆಯಾದರೆ ಕೆಲಸ, ಕಾಯಂ ಕೆಲಸ. ಕೆಂಗೇರಿ ಉಪನಗರದಲ್ಲಿ ಒಂದು ಭಾನುವಾರದ ಪಂದ್ಯಕ್ಕೆ ಅವರ ಆಯ್ಕೆಗಾರರು ಬಂದು ಈ ಹುಡುಗನನ್ನು ನೋಡುವುದೆಂದು ಗೊತ್ತಾಯಿತು. ಅವರು ಇಟ್ಟ ವಯಸ್ಸಿನ ಮಿತಿಗೆ ಅವನದು ಕೊನೆಯ ವರ್ಷ. ಅಣ್ಣ ಅವನನ್ನು ಪಾರ್ಸೆಲ್ ಕೆಲಸದಿಂದ ಬಿಡಿಸಿ, "ಎರಡು ತಿಂಗಳು ಆಟ ಒಂದ ಆಡು," ಎಂದು ಹೇಳಿ, ತಾನು ಹೆಚ್ಚು ಹೊತ್ತು ಬೈಕ್ ಓಡಿಸತೊಡಗಿದ.

ಭಾನುವಾರಕ್ಕೆ ಮೂರು ವಾರ ಇರುವಾಗ ಹುಡುಗನ ಹೊಡೆತ ಕೆಟ್ಟಿತು. ಬಾಲು ನೆಟ್ಟಿಗೆ ಬಡಿಯಿತು, ಗೆರೆ ದಾಟಿತು, ಎದುರಿನವರ ಕೈಗೆ ಸಿಕ್ಕಿತು. ನಾನು ಅವನ ಹಾರುವಿಕೆ ನೋಡಿದೆ. ಅದು ಮೊದಲಿನಷ್ಟೇ ಇತ್ತು. ಅವನ ಕೈಗೆ ಸಿಗುವ ಬಾಲು ಮಾತ್ರ ಮೊದಲಿನ ಹಾಗಿರಲಿಲ್ಲ.

ಅದೇ ವಾರ ನಲ್ಲಿಯ ಹತ್ತಿರ ಲಿಫ್ಟರ್, ಅಟ್ಯಾಕರ್ ಇಬ್ಬರ ಮಾತು ಕಿವಿಗೆ ಬಿತ್ತು.

"ಎಲ್ರೂ ನಿನ್ ಫೋಟೋನೇ ತೆಗೀತಾರಲ್ಲ ಗುರು, ನನ್ ಬೆರಳದ್ದೂ ಒಂದು ತೆಗೀರೋ ಅಂತ ಹೇಳು," ಎಂದ ಲಿಫ್ಟರ್.

"ನಿನ್ ಬೆರಳಿನ ಫೋಟೋ ಆಧಾರ್ ಕಾರ್ಡಿನವ್ರು ತಗದಾರಲ್ಲೋ, ಸಾಕು," ಎಂದ ಅಟ್ಯಾಕರ್.

"ನಗು ಮಗಾ, ನಗು. ನೀನ್ ಹೋದ್ರೆ ನಮ್ ಟೀಮ್ ಕತೆ ಮುಗೀತು ಅಷ್ಟೇ."

ಇಬ್ಬರೂ ನಕ್ಕರು. ನಾನು ನಗಲಿಲ್ಲ. ಈ ಹುಡುಗ ಹೋದರೆ ತಂಡ ಹೋಗುತ್ತದೆ, ಹೋಗದಂತೆ ತಡೆಯುವುದು ಲಿಫ್ಟರ್ ಕೈಯಲ್ಲಿದೆ. ಕಾರಣ ಸಿಕ್ಕಿದ ಮೇಲೆ ನನಗೆ ಬೇಕಾಗಿದ್ದದ್ದು ಅಳತೆ.

ಮರುದಿನ ಎಣಿಸಿದೆ. ಅಟ್ಯಾಕರಿಗೆ ಕೊಟ್ಟದ್ದು ಹನ್ನೆರಡು ಬಾಲು. ಅದರಲ್ಲಿ ಏಳು ಕೆಟ್ಟವು; ಒಂದು ಗೇಣು ಕೆಳಗೆ, ಇಲ್ಲವೇ ನೆಟ್ಟಿನಿಂದ ಒಂದು ಮಾರು ದೂರ. ಅದೇ ಹೊತ್ತಿನಲ್ಲಿ ನೆಟ್ಟಿನ ನಡುವೆ ನಿಂತು ಹೊಡೆಯುವ ಇನ್ನೊಬ್ಬನಿಗೆ ಆರು ಬಾಲು ಕೊಟ್ಟ. ಆರೂ ಚೊಕ್ಕ. ಒಬ್ಬನಿಗೆ ಚೊಕ್ಕವಾಗಿ ಕೊಡುವ ಕೈ ಇನ್ನೊಬ್ಬನಿಗೆ ಯಾಕೆ ಕೆಡುತ್ತದೆ?

ಕೋಚ್ ನನಗಿಂತ ನಾಲ್ಕೈದು ವರ್ಷ ಚಿಕ್ಕವರು, ಬಿನ್ನಿಪೇಟೆಯಲ್ಲಿ ಆಡಿ ಬೆಳೆದವರು. ಲಿಫ್ಟರ್ ಬೇಕೆಂದೇ ಕೆಟ್ಟ ಬಾಲು ಕೊಡುತ್ತಿದ್ದಾನೆ ಎಂದು ಅವರಿಗೆ ಹೇಳಿದೆ.

"ಸಾರ್, ಇದು ದೊಡ್ಡ ಮಾತು. ನೀವು ಕಣ್ಣಾರೆ ನೋಡಿದ್ರಾ?"

"ಕಣ್ಣಾರೆ ನೋಡ್ದೆ, ಎಣಿಸ್ದೆ."

ಅವರು ವಿಸಿಲ್ಲಿನ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಆಮೇಲೆ ಲಿಫ್ಟರನ್ನು ಕರೆದು, ಎಲ್ಲರ ಮುಂದೆ, ಭಾನುವಾರದವರೆಗೆ ಹೊರಗಿರು ಎಂದರು. ಕಾರಣವನ್ನೂ ಹೇಳಿದರು. ಅಟ್ಯಾಕರ್ ತಲೆ ತಗ್ಗಿಸಿ ಶೂ ದಾರ ಕಟ್ಟಿಕೊಳ್ಳುತ್ತಿದ್ದ. ಲಿಫ್ಟರ್, ಹಿಂದೆ ನಿಂತಿದ್ದ ಅಟ್ಯಾಕರನ ಅಣ್ಣನ ಕಡೆಗೊಮ್ಮೆ ನೋಡಿ, ಚಪ್ಪಲಿ ಮೆಟ್ಟಿ ಹೋದ. ಕಳ್ಳ ಸಿಕ್ಕಿಬಿದ್ದಾಗ ಹೀಗೇ ನೋಡುತ್ತಾನೆ ಎಂದುಕೊಂಡೆ. ಆ ನೋಟ ಅಣ್ಣನ ಕಡೆಗೇ ಯಾಕೆ ಹೋಯಿತು ಎಂದು ಕೇಳಿಕೊಳ್ಳಲಿಲ್ಲ.

ಹೊಸ ಲಿಫ್ಟರ್ ಕಾಲೇಜು ಹುಡುಗ. ಅಟ್ಯಾಕರನ ಆಟ ಇನ್ನೂ ಕೆಟ್ಟಿತು. ನಾಲ್ಕು ದಿನ ನೋಡಿದೆ. ಆಗಲೂ ನನಗೆ ಬಂದ ಅನುಮಾನ ಕಾಲೇಜು ಹುಡುಗನ ಮೇಲೆ. ಹಳಬ ಇವನಿಗೂ ಹೇಳಿಕೊಟ್ಟಿರಬಹುದೇ ಎಂದು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಪಂದ್ಯಕ್ಕೆ ಐದು ದಿನ ಇರುವಾಗ ಮೈದಾನದ ಬೆಂಚುಗಳಿಗೆಲ್ಲ ಬಣ್ಣ ಹೊಡೆದರು. ನನ್ನ ಬೆಂಚು ಹಸಿಯಾಗಿತ್ತು. ಕೋರ್ಟಿನ ಹಿಂದಿನ ಗೆರೆಯ ಆಚೆ ಒಂದು ಸಿಮೆಂಟ್ ಪೈಪಿನ ತುಂಡು ಬಿದ್ದಿತ್ತು. ಅದರ ಮೇಲೆ ಕೂತೆ. ಅಲ್ಲಿಂದ ನೆಟ್ಟು ದೂರ, ಹಿಂದೆ ನಿಂತವರ ಬೆನ್ನು ಹತ್ತಿರ. ಅಲ್ಲಿ ಆಟ ನೋಡತೊಡಗಿದ ಮೂರು ವರ್ಷದಲ್ಲಿ ಮೊದಲ ಸಲ ಫಸ್ಟ್ ಬಾಲ್ ನೋಡಿದೆ.

ಅದನ್ನು ತೆಗೆಯುತ್ತಿದ್ದವನು ಅಣ್ಣ. ಸರ್ವಿಸ್ ಅವನ ಕಡೆಗೇ ಬರುತ್ತಿತ್ತು. ಎರಡೂ ಮುಂಗೈ ಜೋಡಿಸಿದ ಹಾಗೆ ಕಾಣುತ್ತಿತ್ತು, ಆದರೆ ಬಾಲು ತಗಲುವ ಹೊತ್ತಿಗೆ ಎಡಗೈ ಕೆಳಗೆ ಜಾರಿ ಬಲಗೈಯೊಂದೇ ಉಳಿಯುತ್ತಿತ್ತು. ಬಾಲು ಓರೆಯಾಗಿ ಹಾರಿ ನೆಟ್ಟಿನಿಂದ ಮೂರು ಹೆಜ್ಜೆ ಹಿಂದೆ ಬೀಳುತ್ತಿತ್ತು. ಕಾಲೇಜು ಹುಡುಗ ಓಡಿ ಓಡಿ, ಸಿಕ್ಕಿದ ಹಾಗೆ ಎತ್ತುತ್ತಿದ್ದ. ಆಟ ಮುಗಿದ ಮೇಲೆ ಅಣ್ಣ ಹೆಲ್ಮೆಟ್ ಹಾಕಿಕೊಳ್ಳುವುದನ್ನು ನೋಡಿದೆ. ಒಂದೇ ಕೈಯಲ್ಲಿ ಪಟ್ಟಿ ಸಿಕ್ಕಿಸಲು ಹೋಗಿ ಎರಡು ಸಲ ತಪ್ಪಿದ.

ಹತ್ತಿರ ಹೋದೆ. "ಕೈಗೇನಾಗಿದೆಯಪ್ಪ?"

"ಏನಿಲ್ರಿ ಸರ್. ಸ್ವಲ್ಪ ಉಳುಕೇತಿ."

"ತೋರಿಸು."

ಜಾಕೆಟ್ಟಿನ ತೋಳು ಸರಿಸಿದ. ಮಣಿಕಟ್ಟು ಊದಿ ನೀಲಿಯಾಗಿತ್ತು. ಹೆಚ್ಚಿನ ಪಾರ್ಸೆಲ್ ಹೊತ್ತ ಒಂದು ದಿನ ನಾಯಂಡಹಳ್ಳಿ ಹತ್ತಿರ ಬೈಕ್ ಜಾರಿತ್ತಂತೆ.

"ತಮ್ಮಗ ಹೇಳಬ್ಯಾಡ್ರಿ. ಗೊತ್ತಾತಂದ್ರ ಆಟ ಬಿಟ್ಟು ಬೈಕ್ ಹತ್ತತಾನ. ಭಾನುವಾರ ಮುಗೀಲಿ, ಸೋಮವಾರ ಎಕ್ಸ್-ರೇ ತಗಸ್ತೀನ್ರಿ."

ಭಾನುವಾರ ಮುಗಿಯುವವರೆಗೆ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಒಂದೇ ಕೋಣೆಯಲ್ಲಿ ಮಲಗುವ ತಮ್ಮನಿಗೆ ಇದು ಗೊತ್ತಿಲ್ಲವೆಂದರೆ ನಂಬುವುದು ಹೇಗೆ ಎಂಬ ಪ್ರಶ್ನೆ ಬಂತು. ನನ್ನ ಅನುಮಾನಗಳ ಮೇಲೆ ನನಗೇ ನಂಬಿಕೆ ಹೋಗಿದ್ದ ದಿನ ಅದು. ಪ್ರಶ್ನೆಯನ್ನು ಹಿಂದಕ್ಕೆ ತಳ್ಳಿದೆ.

ಆದರೆ ಒಂದು ಗಂಟು ಬಿಡಿಸಿರಲಿಲ್ಲ. ಫಸ್ಟ್ ಬಾಲ್ ಕೆಟ್ಟಿದ್ದರೆ ಎಲ್ಲರಿಗೂ ಕೆಟ್ಟ ಬಾಲೇ ಹೋಗಬೇಕಿತ್ತು. ನಡುವಿನವನಿಗೆ ಆರಕ್ಕೆ ಆರು ಚೊಕ್ಕವಾಗಿ ಹೋದದ್ದು ಹೇಗೆ? ಮಿಕ್ಸಿ ಅಂಗಡಿಗೆ ಹೋದೆ. ಲಿಫ್ಟರ್ ಒಂದು ಜಾರನ್ನು ಮಗುಚಿ ಹಿಡಿದು ಬುಡದ ಸ್ಕ್ರೂ ಬಿಚ್ಚುತ್ತಿದ್ದ.

"ಬನ್ನಿ ಸಾರ್. ಏನ್ ಕೆಟ್ಟಿದೆ?"

"ನನ್ನ ಲೆಕ್ಕ ಕೆಟ್ಟಿದೆ," ಎಂದು ಎಲ್ಲವನ್ನೂ ಹೇಳಿದೆ. ಅವನು ಸ್ಕ್ರೂಗಳನ್ನು ಒಂದೊಂದಾಗಿ ಮುಚ್ಚಳದಲ್ಲಿಡುತ್ತಾ ಕೇಳಿಸಿಕೊಂಡ.

"ಫಸ್ಟ್ ಬಾಲ್ ಚೆನ್ನಾಗಿ ಬಂದ್ರೆ ಯಾರಿಗ್ ಬೇಕಾದ್ರೂ ಕೊಡಬೋದು ಸಾರ್. ನಡುವಿನೋನಿಗೆ ಕೊಡೋದು ಅಂಥದ್ದು ಬಂದಾಗ ಮಾತ್ರ. ಕೆಟ್ಟದ್ದು ಬಂದ್ರೆ ಇವನಿಗೇ ಕೊಡ್ಬೇಕು. ಅಂಥ ಬಾಲ್‌ನ ಆಚೆಗೆ ದಾಟಿಸೋನು ಟೀಮಲ್ಲಿ ಇವನೊಬ್ನೇ ಅಲ್ವಾ?"

ಕೆಟ್ಟ ಬಾಲುಗಳೆಲ್ಲ ಅಟ್ಯಾಕರಿಗೆ ಹೋದದ್ದು ಅವನ ಮೇಲಿನ ನಂಬಿಕೆಯಿಂದ. ಅದನ್ನೇ ನಾನು ದ್ವೇಷವೆಂದು ಎಣಿಸಿದ್ದೆ. ಕಾರ್ಖಾನೆಯಲ್ಲಿ ಹೊಸಬರಿಗೆ ನಾನೇ ಪಾಠ ಹೇಳುತ್ತಿದ್ದೆ: ತೂತು ಓರೆಯಾಗಿದ್ದರೆ ಡ್ರಿಲ್ಲಿಂಗಿನವನನ್ನು ಬೈಯುವ ಮೊದಲು ಹಿಂದಿನ ಮೆಷಿನ್ನಿಗೆ ಹೋಗಿ ನೋಡಿ ಎಂದು.

"ಅಣ್ಣನ ಕೈ ವಿಷಯ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ಹೇಳ್ಬೇಡ ಅಂದಿದ್ರು."

"ಎಲ್ಲರ ಮುಂದೆ ಬೈಸಿಕೊಂಡೆಯಲ್ಲಪ್ಪ."

"ನೀವ್ ಹೇಳಿದ್ರಲ್ಲ ಸಾರ್. ನಾನ್ ಏನ್ ಹೇಳಿದ್ರೂ ಯಾರ್ ಕೇಳ್ತಿದ್ರು?" ಎಂದು ಜಾರನ್ನು ಸೀದಾ ಮಾಡಿ ಒರೆಸಿದ.

ಕೋಚ್ ಮನೆಗೆ ಹೋಗಿ, ತಪ್ಪು ಲಿಫ್ಟರನದಲ್ಲ, ಫಸ್ಟ್ ಬಾಲ್ ನೋಡಿ ಎಂದೆ. ಕೈಯ ವಿಷಯ ಎತ್ತಲಿಲ್ಲ.

"ಮೊನ್ನೆ ಕಣ್ಣಾರೆ ನೋಡ್ದೆ ಅಂದ್ರಿ. ಇವತ್ತೂ ಕಣ್ಣಾರೆನಾ?" ಎಂದರು.

"ಇವತ್ತು ಜಾಗ ಬದಲಾಯಿಸಿ ನೋಡ್ದೆ."

ಮರುದಿನ ಲಿಫ್ಟರ್ ಕೋರ್ಟಿನಲ್ಲಿದ್ದ. ಕೋಚ್ ಅಣ್ಣನನ್ನು ಮೂಲೆಗೆ ಸರಿಸಿ, ಕಾಲೇಜು ಹುಡುಗನನ್ನು ಅವನ ಜಾಗದಲ್ಲಿ ಫಸ್ಟ್ ಬಾಲ್ ತೆಗೆಯಲು ನಿಲ್ಲಿಸಿದ್ದರು. ಯಾಕೆ ಎಂದು ತಂಡಕ್ಕೆ ವಿವರಿಸಲಿಲ್ಲ.

ಭಾನುವಾರ ಕೆಂಗೇರಿ ಉಪನಗರದಲ್ಲಿ ನಾನು ಹಿಂದಿನ ಗೆರೆಯ ಬಳಿ ನಿಂತು ಇಡೀ ಪಂದ್ಯ ನೋಡಿದೆ. ಕಾಲೇಜು ಹುಡುಗ ಅರ್ಧ ಬಾಲುಗಳನ್ನು ಚೆನ್ನಾಗಿ ಕಳಿಸಿದ. ಮಿಕ್ಕ ಅರ್ಧಕ್ಕೆ ಲಿಫ್ಟರ್ ನೆಲಕ್ಕೆ ಮಂಡಿಯೂರಿ ಎತ್ತಿಕೊಟ್ಟ. ಅಟ್ಯಾಕರ್ ಹೊಡೆದ. ಆಯ್ಕೆಗಾರರು ನೆಟ್ಟಿನ ಕಂಬದ ಪಕ್ಕ, ನಾನು ಮೂರು ವರ್ಷ ಕೂತಿದ್ದಂಥ ಜಾಗದಲ್ಲೇ, ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅವರು ಹಿಂದಿನ ಗೆರೆಯ ಕಡೆ ತಿರುಗಿ ನೋಡಿದ್ದನ್ನು ನಾನು ಕಾಣಲಿಲ್ಲ.

ಹತ್ತು ದಿನದ ಮೇಲೆ ಆಯ್ಕೆಯ ಪತ್ರ ಬಂತು. ಬೆಳಿಗ್ಗೆ ಹುಡುಗ ಪೇಡೆಯ ಡಬ್ಬಿ ಹಿಡಿದು ನೇರ ನನ್ನ ಬೆಂಚಿಗೆ ಬಂದು ಕಾಲಿಗೆ ಬಿದ್ದ.

"ನಿಮ್ಮಿಂದ ಆತ್ರಿ ಸರ್. ನೀವು ಹೇಳಿದ ಮ್ಯಾಲೆ ಲಿಫ್ಟರ್ ಹೆದರಿ ಸೀದಾ ಆದ ನೋಡ್ರಿ."

ಲಿಫ್ಟರ್ ಹತ್ತು ಹೆಜ್ಜೆ ಆಚೆ ಕಂಬಕ್ಕೆ ನೆಟ್ ಕಟ್ಟುತ್ತಿದ್ದ. ಅವನ ಕೈ ನಿಂತಿತು. ಭಾನುವಾರದವರೆಗೆ ಎಂದು ಅಣ್ಣನಿಗೆ ಕೊಟ್ಟ ಮಾತು ಮುಗಿದಿತ್ತು. ನಾನು ಹೇಳಿದ ಸುಳ್ಳು ಮಾತ್ರ ಈ ಹುಡುಗನ ಬಾಯಲ್ಲಿ ಇನ್ನೂ ಓಡಾಡುತ್ತಿತ್ತು. ಎದ್ದು ನಿಂತೆ.

"ಅವನು ಏನೂ ಮಾಡಿರಲಿಲ್ಲ. ತಪ್ಪು ನೋಡಿದವನು ನಾನು. ನಿಮ್ಮಣ್ಣನ ಎಡಗೈ ನೋಡಿದ್ದೀಯಾ?"

ಅಣ್ಣ ಎಲ್ಲಿದ್ದಾನೆಂದು ಅವನು ತಿರುಗಿ ನೋಡಲಿಲ್ಲ. ಏನಾಗಿದೆ ಎಂದು ಕೇಳಲೂ ಇಲ್ಲ.

"ಈಗ ಬಾವು ಇಳದೇತ್ರಿ," ಎಂದ.

ಹೇಳಿದ ಮೇಲೆ, ಕೈಯ ವಿಷಯ ಮೊದಲಿಂದ ಗೊತ್ತಿತ್ತೆಂದು ತಾನೇ ಒಪ್ಪಿಕೊಂಡದ್ದು ಅವನಿಗೆ ತಿಳಿಯಿತು. ಡಬ್ಬಿಯ ಮುಚ್ಚಳವನ್ನು ಒಮ್ಮೆ ತೆಗೆದು ಮತ್ತೆ ಮುಚ್ಚಿದ. ಲಿಫ್ಟರನನ್ನು ಹೊರಹಾಕಿದ ದಿನ ಇವನು ತಲೆ ತಗ್ಗಿಸಿ ಶೂ ದಾರ ಕಟ್ಟುತ್ತಿದ್ದದ್ದು ನನಗೆ ನೆನಪಾಯಿತು.

"ಆಟ ನಿಂತ್ರ ಎಲ್ಲಾ ಮುಗೀತಿತ್ರಿ ಸರ್. ಕೊನೇ ವರ್ಷ," ಎಂದ, ಸಣ್ಣ ದನಿಯಲ್ಲಿ.

ಅದಕ್ಕೆ ಉತ್ತರ ಕೊಡಬೇಕಾದವನು ಕಂಬದ ಹತ್ತಿರ ನಿಂತಿದ್ದ.

"ಏನ್ ಗುರು," ಎಂದ ಲಿಫ್ಟರ್ ಅಲ್ಲಿಂದಲೇ, "ಪೇಡೆ ಬೆಂಚಿನೋರಿಗೆ ಮಾತ್ರಾನಾ?"

ಹುಡುಗ ನಿಧಾನವಾಗಿ ಅಲ್ಲಿಗೆ ನಡೆದ. ಡಬ್ಬಿ ಚಾಚಿದ. ಲಿಫ್ಟರ್ ಒಂದು ಪೇಡೆ ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ತೆಗೆದುಕೊಂಡು, ಬೈಕಿನ ಪಕ್ಕ ನಿಂತಿದ್ದ ಅಣ್ಣನ ಬಲಗೈಗೆ ಕೊಟ್ಟು ಬಂದ. ಆಮೇಲೆ ಬಿಟ್ಟಿದ್ದ ಹಗ್ಗವನ್ನು ಹಿಡಿದು, "ಆ ಕಡೆ ತುದಿ ಎಳಿ," ಎಂದ. ಹುಡುಗ ಡಬ್ಬಿಯನ್ನು ನೆಲದ ಮೇಲಿಟ್ಟು ಇನ್ನೊಂದು ಕಂಬಕ್ಕೆ ಹೋಗಿ ಎಳೆದ. ನೆಟ್ಟು ಬಿಗಿಯಾಗುವವರೆಗೆ ಅವರಿಬ್ಬರೂ ಮುಖ ನೋಡಿಕೊಳ್ಳಲಿಲ್ಲ.