ಒಂಬತ್ತರ ಮಗ್ಗಿ ಬಾರದ ಮೇಷ್ಟ್ರು

ಟ್ಯೂಷನ್ ಮೇಷ್ಟ್ರ ಮೊದಲ ಕಸುಬು ತಪ್ಪು ಹಿಡಿಯುವುದು. ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದರು. ಮದುವೆಯ ಕರೆಯೋಲೆಯಲ್ಲಿ ವರನ ಜಾಗದಲ್ಲಿ ಮಾವನ ಹೆಸರು ಕೂತಿದ್ದನ್ನು ಕಡೇ ಗಳಿಗೆಯಲ್ಲಿ ಹಿಡಿದು ಎರಡು ಸಂಸಾರಗಳ ಮಾನ ಉಳಿಸಿದವರು. ಮುದ್ರಣಾಲಯ ಬಾಗಿಲು ಹಾಕಿದ ಮೇಲೆ ಅವರು ಕೈಗೆತ್ತಿಕೊಂಡ ಎರಡನೆಯ ಕಸುಬು, ತಪ್ಪು ಮಾಡುವುದು.

ಅವರ ಪಾಠದ ಕ್ರಮವೇ ಅದು. ಸೈಕಲ್ಲಿನಲ್ಲಿ ಮನೆಮನೆಗೆ ಹೋಗುವುದು. ಒಂದು ಮನೆಯಲ್ಲಿ ಒಂದೇ ಮಗು. ಪುಸ್ತಕ ತೆರೆದು ಮುಖ ಸಪ್ಪಗೆ ಮಾಡಿಕೊಂಡು, "ನಂಗೆ ಇದು ಬರಲ್ಲ ಕಣೋ, ನೀನೇ ಸ್ವಲ್ಪ ಹೇಳಿಕೊಡು" ಎನ್ನುವುದು. ಆಮೇಲೆ ಒಂದರ ಮೇಲೊಂದು ತಪ್ಪು. ದೊಡ್ಡವರನ್ನು ತಿದ್ದುವ ಅವಕಾಶ ಯಾವ ಮಗು ಬಿಟ್ಟೀತು? ಮೇಷ್ಟ್ರನ್ನು ಬೈಯಬೇಕೆಂಬ ಒಂದೇ ಆಸೆಗೆ ಮಕ್ಕಳು ಹಿಂದಿನ ದಿನವೇ ಪಾಠ ಓದಿಕೊಂಡು ಕಾಯುತ್ತಿದ್ದವು.

"ತಪ್ಪು ಮಾಡೋಕೂ ಸಂಬಳ ಕೊಡ್ತಾರಾ?" ಎಂದು ಹೆಂಡತಿ ಒಮ್ಮೆ ಕೇಳಿದ್ದರು. "ಹಾಗಿದ್ರೆ ನಾವು ಎಂದೋ ಬಂಗಲೆ ಕಟ್ಟಬೇಕಿತ್ತಲ್ರೀ!"

ಆದರೆ ಪ್ರತಿ ಕಸುಬಿಗೂ ಅದರದೇ ಕಾಯಿಲೆ. ದರ್ಜಿಗೆ ಬೆನ್ನು, ಡ್ರೈವರಿಗೆ ಸೊಂಟ, ನಮ್ಮ ಮೇಷ್ಟ್ರಿಗೆ ಮಗ್ಗಿ. ಹೊಸದರಲ್ಲಿ ತಪ್ಪುಗಳನ್ನು ಯೋಚಿಸಿ ಯೋಚಿಸಿ ಮಾಡಬೇಕಾಗಿತ್ತು. ಈಗೀಗ ಅವು ಕರೆಯದೆಯೇ ಬರತೊಡಗಿದವು. ಅದರಲ್ಲೂ ಒಂಬತ್ತರ ಮಗ್ಗಿ ಪೂರ್ತಿ ಕೈಕೊಟ್ಟಿತ್ತು. ಸೈಕಲ್ ತುಳಿಯುತ್ತಾ ಗುಟ್ಟಾಗಿ ಉರು ಹೊಡೆಯುತ್ತಿದ್ದರು. ಸಿಗ್ನಲ್ಲಿನಲ್ಲಿ ಪಕ್ಕದವರು ತಿರುಗಿ ನೋಡಿದರೆ ಕೆಮ್ಮುತ್ತಿದ್ದರು.

ಅವರ ಶಿಷ್ಯರಲ್ಲೆಲ್ಲ ಕಷ್ಟದ ಗಿರಾಕಿ ಎಂದರೆ ಗುಬ್ಬಿ. ಮೂರನೇ ಕ್ಲಾಸು. ಬಾಯಿ ಎಂಬುದು ಊಟಕ್ಕೆ ಮಾತ್ರ ಇರುವುದೆಂದು ನಂಬಿದ್ದ ಹುಡುಗಿ. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿಯುವವರು ಅಜ್ಜಿ, ನಿವೃತ್ತ ಬ್ಯಾಂಕ್ ಕ್ಯಾಷಿಯರ್. ಇಡೀ ಸರ್ವೀಸಿನಲ್ಲಿ ಒಂದು ದಿನವೂ ಲೆಕ್ಕ ತಪ್ಪಿದವರಲ್ಲ. ಆ ಮನೆಯಲ್ಲಿ ಗಡಿಯಾರ ಕೂಡ ಅಜ್ಜಿಯ ಮುಖ ನೋಡಿಕೊಂಡೇ ಓಡುತ್ತಿತ್ತು. ಅಂಥವರೆದುರು ಬಾಯಿ ತೆರೆದು ತಪ್ಪು ಹೇಳುವುದಕ್ಕಿಂತ ಸುಮ್ಮನಿರುವುದೇ ವಾಸಿ ಎಂದು ಗುಬ್ಬಿ ತೀರ್ಮಾನಿಸಿದ್ದಳು.

ಮೊದಲ ಕೆಲವು ವಾರ ಊಟದ ಮೇಜಿನ ಒಂದು ಬದಿಗೆ ಮೇಷ್ಟ್ರು ತಪ್ಪುಗಳನ್ನು ಉದುರಿಸುವುದು, ಇನ್ನೊಂದು ಬದಿಗೆ ಅವಳು ಮೇಜಿನ ಪ್ಲಾಸ್ಟಿಕ್ ಹೊದಿಕೆಯ ಹೂವುಗಳನ್ನು ಉಗುರಿನಿಂದ ಕೆರೆಯುವುದು, ಇಷ್ಟೇ ಪಾಠ. ಒಂದು ಸಂಜೆ ಮೇಷ್ಟ್ರು ಏಳೆಂಟ್ಲ ಅರವತ್ತು ಎಂದಾಗ ಹೂವು ಕೆರೆಯುವ ಸದ್ದು ನಿಂತಿತು. "ಐವತ್ತಾರು" ಎಂದಿತು ಒಂದು ಸಣ್ಣ ಪಿಸುಮಾತು. ಅಂದಿನಿಂದ ಪಿಸುಮಾತಿನಲ್ಲೇ ಗದರಿಕೆ ಶುರುವಾಯಿತು, ಗದರಿಕೆಗೆ ಸ್ಕೇಲು ಆಡಿಸುವುದೂ ಸೇರಿತು. ಆದರೆ ಅಜ್ಜಿಯ ಚಪ್ಪಲಿ ಸದ್ದು ಕೇಳಿದರೆ ಮತ್ತೆ ಬಾಯಿಗೆ ಬೀಗ.

ಅಜ್ಜಿಯ ಕಿವಿಗೆ ಬೀಗವಿರಲಿಲ್ಲ. ಅಡುಗೆಮನೆಯಲ್ಲಿ ನಿಂತು ಮೇಷ್ಟ್ರ ಗಣಿತವನ್ನು ವಾರವಿಡೀ ಕೇಳಿಸಿಕೊಂಡರು. ಪಿಸುಮಾತು ಅಲ್ಲಿಯವರೆಗೆ ತಲುಪುತ್ತಿರಲಿಲ್ಲ, ತಪ್ಪುಗಳು ಮಾತ್ರ ಸ್ಪಷ್ಟವಾಗಿ ತಲುಪುತ್ತಿದ್ದವು. ಶುಕ್ರವಾರ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಮೇಜಿನ ತುದಿಗೆ ಕುರ್ಚಿ ಎಳೆದುಕೊಂಡು ಕೂತರು.

"ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ನಾಳೆಯಿಂದ ಬೇರೆಯವರನ್ನ ನೋಡೋಣ ಅಂತಿದೀನಿ."

ಮೇಷ್ಟ್ರು ತಮ್ಮ ಕ್ರಮವನ್ನು ವಿವರಿಸಿದರು. ವಿವರಿಸಿದಷ್ಟೂ ಅದು ಅವರಿಗೇ ಕುಂಟುನೆಪದ ಹಾಗೆ ಕೇಳಿಸಿತು.

"ಓಹೋ, ಬೇಕಂತಾನೇ ತಪ್ಪು ಹೇಳ್ತೀರಾ? ಸರಿ, ಬೇಕಂತಾನೇ ಒಂದು ಸರಿ ಹೇಳಿ ನೋಡೋಣ. ಒಂಬತ್ತಾರ್ಲ?"

ಒಂಬತ್ತೇ ಬರಬೇಕೇ! ಮೇಷ್ಟ್ರ ತಲೆಯೊಳಗೆ ಐವತ್ತರಿಂದ ಅರವತ್ತರವರೆಗಿನ ಸಂಖ್ಯೆಗಳೆಲ್ಲ ಬಸ್ಸಿನ ಬಾಗಿಲಲ್ಲಿ ನುಗ್ಗುವಂತೆ ನುಗ್ಗಿದವು. ಒಂದು ಹೇಗೋ ನುಸುಳಿ ಹೊರಬಂತು.

"ಐವತ್ತಾರು."

ಚಟಾರ್! ಮೇಜಿನ ಮೇಲೆ ಸ್ಕೇಲು ಬಿತ್ತು.

"ಐವತ್ತನಾಲ್ಕು ಕಣ್ರೀ!" ಗುಬ್ಬಿ ಕುರ್ಚಿಯ ಮೇಲೆ ಎದ್ದು ನಿಂತಿದ್ದಳು. "ಎಷ್ಟ್ ಸಲ ಹೇಳಿದೀನಿ! ಐವತ್ತಾರು ಏಳೆಂಟ್ಲದ್ದು. ಒಂಬತ್ತಾರ್ಲ ಐವತ್ತನಾಲ್ಕು, ಒಂಬತ್ತೇಳ್ಲ ಅರವತ್ತಮೂರು, ಒಂಬತ್ತೆಂಟ್ಲ ಎಪ್ಪತ್ತೆರಡು! ಮನೇಲಿ ಓದ್ಕೊಂಡೇ ಬರಲ್ಲ ನೀವು!"

ಅಡುಗೆಮನೆಯಲ್ಲಿ ಹಾಲು ಉಕ್ಕಿತು. ಅಜ್ಜಿ ಏಳಲಿಲ್ಲ. ಈ ಹುಡುಗಿಗೆ ಇಷ್ಟು ಗಂಟಲಿದೆ ಎಂಬುದು ಅವರಿಗೆ ಇಂದೇ ಗೊತ್ತಾದದ್ದು. ಮೊಮ್ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮೇಷ್ಟ್ರತ್ತ ತಿರುಗಿದರು.

"ಈಗ ಹೇಳಿದ್ದು ಬೇಕಂತಾನೇನಾ?"

ಹೌದು ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಹೇಳಿದ್ದರೆ ಕೆಲಸವೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ಆದರೆ ಎದುರಿಗೆ ಸ್ಕೇಲು ಹಿಡಿದ ಗುರುಗಳು ನಿಂತಿದ್ದರು.

"ಇಲ್ಲ ಅಮ್ಮ. ನಿಜವಾಗ್ಲೂ ಬರ್ಲಿಲ್ಲ."

"ನೋಡಿದ್ಯಾ ಅಜ್ಜೀ!" ಎಂದಳು ಗುಬ್ಬಿ. "ಇವರನ್ನ ಕಳಿಸ್ಬೇಡ. ಇನ್ನೂ ಒಂಬತ್ತರ ಮಗ್ಗೀನೇ ಬಂದಿಲ್ಲ ಇವರಿಗೆ. ಅರ್ಧಕ್ಕೆ ಬಿಟ್ರೆ ಎಲ್ಲಿಗೆ ಹೋಗ್ತಾರೆ ಪಾಪ?"

ಅಜ್ಜಿಗೆ ನಗು ತಡೆಯಲಾಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ಭುಜಗಳು ಕುಲುಕುತ್ತಿದ್ದವು. "ಆಯ್ತಮ್ಮಾ, ಕಲಿಸು. ಪೂರ್ತಿ ಕಲಿಸಿಯೇ ಕಳಿಸು."

"ನೀನೂ ಸೇರ್ಕೋ. ನೀನೂ ಒಂದು ತಪ್ಪು ಹೇಳು, ನಾನು ತಿದ್ತೀನಿ. ನಾಲ್ಕೈದ್ಲ ಎಷ್ಟು?"

ಅಜ್ಜಿ ಕನ್ನಡಕ ಸರಿಮಾಡಿಕೊಂಡರು. ಬಾಯಿ ತೆರೆದರು, ಮುಚ್ಚಿದರು. ಹುಬ್ಬು ಗಂಟಿಕ್ಕಿ ಮನಸ್ಸು ಗಟ್ಟಿ ಮಾಡಿಕೊಂಡು ಮತ್ತೆ ತೆರೆದರು.

"ಇಪ್ಪತ್ತು."

"ಅಯ್ಯೋ, ತಪ್ಪು ಹೇಳು ಅಂದ್ರೆ!"

"ಬರ್ತಿಲ್ಲ ಕಣೇ," ಎಂದರು ಅಜ್ಜಿ, ತೀರಾ ಸಣ್ಣ ದನಿಯಲ್ಲಿ.

ಗುಬ್ಬಿ ಹಣೆ ಚಚ್ಚಿಕೊಂಡು ಸ್ಕೇಲನ್ನು ಮೇಷ್ಟ್ರ ಕೈಗಿತ್ತಳು. "ಅಜ್ಜಿಗೆ ನೀವೇ ಹೇಳಿಕೊಡಿ ಮೇಷ್ಟ್ರೇ. ನಂಗೆ ಒಬ್ಬಳಿಗೇ ಇಬ್ಬರನ್ನ ನೋಡ್ಕೊಳ್ಳೋಕಾಗಲ್ಲ."

ಮೇಷ್ಟ್ರು ಸ್ಕೇಲು ಪಕ್ಕಕ್ಕಿಟ್ಟು ಅಜ್ಜಿಯತ್ತ ಕುರ್ಚಿ ಸರಿಸಿದರು. "ಭಯಪಡಬೇಡಿ ಅಮ್ಮ," ಎಂದರು. "ಮೊದಮೊದಲು ಎಲ್ಲರಿಗೂ ಹೀಗೇ ಆಗೋದು."